ಮುದಿ ನಾಯಿಯ ಕಣ್ಣು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು

ನಮ್ಮ ಮೋತಿಗೆ ಈಗ 12 ವರ್ಷ. ಅರ್ಧ ಪಾಮೇರಿಯನ್, ಅರ್ಧ ನಮ್ಮ ಗಲ್ಲಿ ನಾಯಿ. ಅವನಿಗೆ 9 ತುಂಬಿದಾಗ ಎರಡೂ ಕಣ್ಣಿನ ಪಾಪೆ ತಿಳಿ ನೀಲಿಗೆ ತಿರುಗಿತು. ಮನೆಗೆ ಬಂದವರೆಲ್ಲ "ಕಣ್ಣಾಗ ಹೂ ಬಿದ್ದದ ನೋಡ್ರಿ, ಇನ್ನ ಕಾಣಂಗಿಲ್ಲ" ಅಂದರು. ಹೆದರಿ ಕಲಬುರಗಿಯಲ್ಲಿ ಇಬ್ಬರು ಡಾಕ್ಟರಿಗೆ ತೋರಿಸಿದೆ. ಏನೂ ಆಗಿರಲಿಲ್ಲ.

ಎರಡು ವರ್ಷ ಬಿಟ್ಟು, ಒಂದು ಮೇ ತಿಂಗಳ ಮಧ್ಯಾಹ್ನ, ಬಲಗಣ್ಣು ಅರ್ಧ ಮುಚ್ಚಿಕೊಂಡು ಮೂಲೆಯಲ್ಲಿ ಕೂತ. ಸ್ವಲ್ಪ ಕೆಂಪಗಿತ್ತು, ನೀರು ಸುರಿಯುತ್ತಿತ್ತು. ಧೂಳು ಹೋಗಿರಬೇಕು ಅಂದುಕೊಂಡೆ. ಅವ್ವನ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಡ್ರಾಪ್ಸ್ ಫ್ರಿಜ್ಜಿನಲ್ಲಿ ಉಳಿದಿತ್ತಲ್ಲ, ಅದನ್ನೇ ಎರಡು ದಿನ ಹಾಕಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಕರಿಗುಡ್ಡೆಯ ಮೇಲಿದ್ದ ಸಣ್ಣ ಗೀರು ಮೂರನೇ ದಿನಕ್ಕೆ ಗುಂಡಿಯಾಗಿತ್ತು. ಕಣ್ಣು ಉಳಿಯಿತು, ಆದರೆ ಅಕ್ಕಿಕಾಳಿನಷ್ಟು ಬಿಳಿ ಕಲೆ ಇವತ್ತಿಗೂ ಇದೆ.

ನೀಲಿ ಕಣ್ಣು ನೋಡಿ ಓಡಾಡಿದ ನಾನು ಕೆಂಪು ಕಣ್ಣು ನೋಡಿ ಎರಡು ದಿನ ಸುಮ್ನೆ ಕೂತಿದ್ದೆ. ಇದನ್ನು ಬರೆಯೋದಕ್ಕೆ ಅದೇ ಕಾರಣ. ನಾನು ಡಾಕ್ಟರಲ್ಲ, ಮುದಿ ನಾಯಿ ಸಾಕಿದವನು ಅಷ್ಟೇ. ಆದರೆ ಈ ಮೂರು ವರ್ಷದಲ್ಲಿ ಡಾಕ್ಟರುಗಳ ಮೇಜಿನ ಪಕ್ಕ ನಿಂತು ಕಲಿತದ್ದು ಬೇರೆಯವರಿಗೂ ಬೇಕಾಗುತ್ತದೆ ಅನಿಸಿತು.

ಮೊದಲ ಕೆಲಸ: ವಾರಕ್ಕೊಮ್ಮೆ ಕಣ್ಣು ನೋಡಿ

ದೊಡ್ಡ ಜಾತಿಯ ನಾಯಿಗೆ 6–7 ವರ್ಷಕ್ಕೇ ವಯಸ್ಸಾದಂತೆ. ಸಣ್ಣ ಜಾತಿಯದಕ್ಕೆ 9–10. ಅಲ್ಲಿಂದ ಮುಂದೆ ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಭಾನುವಾರ ಸ್ನಾನಕ್ಕೆ ಮೊದಲು.

ಬಾಗಿಲ ಹತ್ತಿರ ಬೆಳಕಿರುವ ಕಡೆ ಕೂರಿಸಿ. ಮೇಲಿಂದ ಬಗ್ಗಿ ನೋಡಬೇಡಿ, ನಾಯಿ ಮುಖ ತಿರುಗಿಸುತ್ತದೆ. ಪಕ್ಕದಲ್ಲಿ ನೆಲದ ಮೇಲೆ ಕೂತು ಗದ್ದ ಹಿಡಿದುಕೊಳ್ಳಿ. ಮೊದಲು ಎರಡು ಕಣ್ಣನ್ನೂ ಹೋಲಿಸಿ ನೋಡಿ. ಪಾಪೆ ಎರಡೂ ಒಂದೇ ಗಾತ್ರ ಇದೆಯಾ? ಒಂದು ಕಣ್ಣು ಉಬ್ಬಿದ ಹಾಗೆ ಅಥವಾ ಒಳಗೆ ಹೋದ ಹಾಗೆ ಕಾಣುತ್ತದಾ? ಕರಿಗುಡ್ಡೆ ಕನ್ನಡಿಯ ಹಾಗೆ ಹೊಳೀತಿದೆಯಾ, ಇಲ್ಲ ಮಂಕಾಗಿದೆಯಾ? ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ, ತಿಳಿ ಗುಲಾಬಿ ಇದ್ದರೆ ಸರಿ. ಪಿಸುರು ಇದ್ದರೆ ಅದರ ಬಣ್ಣ ನೋಡಿ. ಬೆಳಿಗ್ಗೆ ಎದ್ದಾಗ ಮೂಲೆಯಲ್ಲಿ ಒಂದು ಚೂರು ಕಂದು ಪಿಸುರು ಇರೋದು ಮಾಮೂಲು. ಹಳದಿ, ಹಸಿರು, ಎಳೆದರೆ ದಾರದ ಹಾಗೆ ಬರುವಂಥದ್ದು ಮಾಮೂಲಲ್ಲ.

ಮೊಬೈಲಿನಲ್ಲಿ ಎರಡೂ ಕಣ್ಣಿನ ಒಂದೊಂದು ಫೋಟೊ ತೆಗೆದಿಡಿ. ಕಣ್ಣು ನಿಧಾನವಾಗಿ ಬದಲಾಗುವಾಗ ದಿನಾ ನೋಡುವ ನಮಗೆ ಗೊತ್ತೇ ಆಗಲ್ಲ. ಆರು ತಿಂಗಳ ಹಿಂದಿನ ಫೋಟೊ ಪಕ್ಕದಲ್ಲಿಟ್ಟರೆ ತಕ್ಷಣ ಗೊತ್ತಾಗುತ್ತದೆ.

ನೀಲಿ ಮಬ್ಬೋ, ಪೊರೆಯೋ? ಟಾರ್ಚಿನಲ್ಲಿ ನೋಡಿ

ನಾಯಿಗೆ 7–8 ವರ್ಷ ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತಾ ಹೋಗುತ್ತದೆ. ಹೊಸ ಹೊಸ ಪದರ ಬೆಳೆದು ಹಳೆಯವು ನಡುವೆ ಒತ್ತಿಕೊಳ್ಳುತ್ತವೆ. ಅದಕ್ಕೆ ಪಾಪೆ ನೀಲಿ ಬೂದಿ ಬಣ್ಣಕ್ಕೆ ಬರುತ್ತದೆ. ನಮಗೆ ತಲೆ ಬೆಳ್ಳಗಾಗುತ್ತದಲ್ಲ, ಹಾಗೇ. ಎರಡೂ ಕಣ್ಣಲ್ಲಿ ಒಂದೇ ಸಮ ಬರುತ್ತದೆ, ನೋವಿಲ್ಲ, ನಾಯಿಗೆ ಹೆಚ್ಚುಕಡಿಮೆ ಮೊದಲಿನ ಹಾಗೇ ಕಾಣುತ್ತದೆ. ಇದಕ್ಕೆ ಔಷಧಿಯೂ ಇಲ್ಲ, ಬೇಕಾಗಿಯೂ ಇಲ್ಲ.

ಪೊರೆ ಬೇರೆ. ಅದು ಮಸೂರದ ಒಳಗೇ ಬಿಳಿ ಕಟ್ಟುವುದು, ಮೊದಲು ಚುಕ್ಕೆಯಾಗಿ, ಆಮೇಲೆ ಪುಡಿಮಾಡಿದ ಮಂಜುಗಡ್ಡೆ ತುಂಬಿಟ್ಟ ಹಾಗೆ.

ರಾತ್ರಿ ಕೋಣೆಯ ದೀಪ ಆರಿಸಿ. ಸಣ್ಣ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕಕ್ಕೇ ಹಿಡಿದು, ಒಂದು ತೋಳಿನಷ್ಟು ದೂರದಿಂದ ನಾಯಿಯ ಕಣ್ಣಿಗೆ ಒಂದೆರಡು ಸೆಕೆಂಡು ಬಿಡಿ. ರಾತ್ರಿ ರಸ್ತೆಯಲ್ಲಿ ಗಾಡಿ ಬೆಳಕಿಗೆ ನಾಯಿ ಕಣ್ಣು ಹೊಳೆಯುತ್ತದಲ್ಲ, ಆ ಹಸಿರು ಹಳದಿ ಹೊಳಪು ಪೂರ್ತಿ ಪಾಪೆಯಲ್ಲಿ ಬಂದರೆ ಅದು ಬಹುಶಃ ವಯಸ್ಸಿನ ಮಬ್ಬು. ಹೊಳಪಿನ ನಡುವೆ ಕಪ್ಪು ತೂತು ಬಿದ್ದ ಹಾಗೆ ಕಂಡರೆ, ಅಥವಾ ಹೊಳಪೇ ಬರದೆ ಬರೀ ಬಿಳಿ ಗೋಡೆ ಕಂಡರೆ ಪೊರೆಯ ಅನುಮಾನ. ಇದು ಮನೆಯ ಅಂದಾಜು ಮಾತ್ರ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿ ಡಾಕ್ಟರು ನೋಡಿ ಹೇಳಿದ್ದೇ ಲೆಕ್ಕ.

ಕಾಣುತ್ತದೋ ಇಲ್ಲವೋ

ನಾಯಿಗಳು ಇದರಲ್ಲಿ ಮೋಸ ಮಾಡುತ್ತವೆ. ಮನೆಯ ನಕ್ಷೆ ಅವಕ್ಕೆ ಬಾಯಿಪಾಠ. ಪೂರ್ತಿ ಕುರುಡಾದ ನಾಯಿ ಕೂಡ ಅಡುಗೆಮನೆಗೆ ನೇರವಾಗಿ ಬಂದು ರೊಟ್ಟಿ ಚೂರು ಕೇಳುತ್ತದೆ. ಹಾಗಾಗಿ ಪರೀಕ್ಷೆ ಸ್ವಲ್ಪ ಕಳ್ಳತನದಿಂದ ಮಾಡಬೇಕು.

ಹತ್ತಿಯ ಉಂಡೆ ಮಾಡಿ ಅದರ ಮುಂದೆ ಮೇಲಿಂದ ಬೀಳಿಸಿ. ಹತ್ತಿಗೆ ಸದ್ದಿಲ್ಲ, ವಾಸನೆ ಇಲ್ಲ. ಕಾಣುವ ನಾಯಿ ಕಣ್ಣಿನಿಂದ ಹಿಂಬಾಲಿಸುತ್ತದೆ. ಎರಡು ಮೂರು ಸಲಕ್ಕಿಂತ ಜಾಸ್ತಿ ಮಾಡಿದರೆ ಬೇಜಾರಾಗಿ ನೋಡುವುದನ್ನೇ ಬಿಡುತ್ತದೆ, ಅದನ್ನು ಕುರುಡು ಅಂದುಕೊಳ್ಳಬೇಡಿ. ಇನ್ನೊಂದು, ಪಡಸಾಲೆಯಲ್ಲಿ ಕುರ್ಚಿ, ಬಕೆಟ್, ಸ್ಟೂಲು ಅಡ್ಡಾದಿಡ್ಡಿ ಇಟ್ಟು ಆ ಕಡೆಯಿಂದ ಕರೆಯಿರಿ. ಒಮ್ಮೆ ಬೆಳಕಿನಲ್ಲಿ, ಒಮ್ಮೆ ಮಬ್ಬು ಬೆಳಕಿನಲ್ಲಿ. ಬೆಳಕಲ್ಲಿ ಸರಿಯಾಗಿ ಬಂದು ಕತ್ತಲಲ್ಲಿ ಡಿಕ್ಕಿ ಹೊಡೆದರೆ ಅದನ್ನು ಬರೆದಿಟ್ಟುಕೊಳ್ಳಿ. ಕಣ್ಣಿನ ಹಿಂಭಾಗದ ಪರದೆ ನಿಧಾನವಾಗಿ ಸವೆಯುವ ಕಾಯಿಲೆ ಹೀಗೆ ರಾತ್ರಿಗುರುಡಿನಿಂದ ಶುರುವಾಗುತ್ತದೆ. ಅದಕ್ಕೆ ಸದ್ಯಕ್ಕೆ ಔಷಧಿ ಇಲ್ಲ, ಆದರೆ ಗೊತ್ತಿದ್ದರೆ ರಾತ್ರಿ ಒಂದು ದೀಪ ಹಚ್ಚಿಡಬಹುದು.

ಮುಖದ ಮುಂದೆ ಕೈ ಬೀಸಿ ನೋಡುವವರೇ ಜಾಸ್ತಿ. ಗಾಳಿ ಮೀಸೆಗೆ ತಾಗಿ ಕುರುಡು ನಾಯಿಯೂ ಕಣ್ಣು ಮಿಟುಕಿಸುತ್ತದೆ. ಅದನ್ನು ನಂಬಬೇಡಿ.

ಅದೇ ದಿನ ಹೊರಡಬೇಕಾದವು

ಇಲ್ಲಿ ಸ್ವಲ್ಪ ನಿಂತು ಓದಿ.

ನಾಯಿ ಕಣ್ಣು ಮುಚ್ಚಿಕೊಂಡಿದ್ದರೆ, ಮುಂಗಾಲಿನಿಂದ ಉಜ್ಜುತ್ತಿದ್ದರೆ, ಸೋಫಾಕ್ಕೆ ಮುಖ ತಿಕ್ಕುತ್ತಿದ್ದರೆ ಅದಕ್ಕೆ ನೋವಾಗುತ್ತಿದೆ. ನಾಯಿ ಕಣ್ಣು ನೋವಿಗೆ ಕೂಗಲ್ಲ. ಊಟ ಬಿಡುತ್ತದೆ, ಮಂಕಾಗಿ ಮಲಗುತ್ತದೆ, ತಲೆ ಮುಟ್ಟಿದರೆ ಹಿಂದೆ ಸರಿಯುತ್ತದೆ. "ವಯಸ್ಸಾಯ್ತಲ್ಲ" ಅಂತ ನಾವು ಸುಮ್ಮನಾಗುತ್ತೇವೆ.

ಕರಿಗುಡ್ಡೆಯ ಹುಣ್ಣು ಒಂದು. ಗೀರು ಬಿದ್ದು ಅದಕ್ಕೆ ಸೋಂಕು ತಗಲುವುದು. ಪಗ್, ಶಿಟ್ಜುವಿನಂಥ ಗುಡ್ಡೆ ಮುಂದಿರುವ ನಾಯಿಗಳಿಗೆ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಒಣ ಹುಲ್ಲಿನ ಮುಳ್ಳು ಮೂರನೇ ರೆಪ್ಪೆಯ (ನಾಯಿಗೆ ಮೂಗಿನ ಕಡೆಯ ಮೂಲೆಯಲ್ಲಿರುವ ಒಳರೆಪ್ಪೆ) ಹಿಂದೆ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ, ಅದು ಹೊರಗಿಂದ ಕಾಣುವುದೇ ಇಲ್ಲ.

ಇನ್ನೊಂದು ಗ್ಲೊಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರುವುದು. ಬಿಳಿಗುಡ್ಡೆ ಕೆಂಪಾಗಿ, ಕರಿಗುಡ್ಡೆ ಹಬೆ ಹಿಡಿದ ಗಾಜಿನ ಹಾಗಾಗಿ, ಪಾಪೆ ಅಗಲವಾಗಿ ಬೆಳಕಿಗೂ ಸಣ್ಣಗಾಗದೆ ನಿಂತುಬಿಡುತ್ತದೆ. ನಾಯಿಯ ಕಣ್ಣಿನ ಒತ್ತಡ ಸಾಮಾನ್ಯವಾಗಿ (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) 10ರಿಂದ 25ರ ಒಳಗಿರುತ್ತದೆ. ಅದು 40, 50 ದಾಟಿದರೆ ನರ ಒತ್ತಿ ಸಾಯುತ್ತದೆ. ಒಂದೆರಡು ದಿನದಲ್ಲೇ ಆ ಕಣ್ಣಿನ ದೃಷ್ಟಿ ಹೋಗಬಹುದು, ಹೋದರೆ ಮರಳಿ ಬರಲ್ಲ. "ನಾಳೆ ಸಂತೆ ಮುಗಿಸಿ ಹೋಗೋಣ" ಅನ್ನುವ ಹಾಗೇ ಇಲ್ಲ. ಒಂದು ಕಣ್ಣಿಗೆ ಬಂದರೆ ಇನ್ನೊಂದಕ್ಕೂ ಬರುವ ಸಾಧ್ಯತೆ ದೊಡ್ಡದು, ಅದಕ್ಕೇ ಸರಿಯಿರುವ ಕಣ್ಣಿಗೂ ಡಾಕ್ಟರು ಡ್ರಾಪ್ಸ್ ಕೊಡುತ್ತಾರೆ. ಬೇಡ ಅನ್ನಬೇಡಿ. ಇಂಥ ನಾಯಿಗೆ ಕೊರಳ ಪಟ್ಟಿ ಬಿಚ್ಚಿಟ್ಟು ಎದೆಗೆ ಹಾಕುವ ಬೆಲ್ಟ್ ತನ್ನಿ. ಕೊರಳು ಎಳೆದಷ್ಟೂ ಕಣ್ಣಿನ ಒತ್ತಡ ಏರುತ್ತದೆ.

ಮೂರನೆಯದು, ನಿನ್ನೆ ಕಾಣುತ್ತಿದ್ದ ನಾಯಿಗೆ ಇವತ್ತು ಕಾಣದಿರುವುದು. ಕಣ್ಣು ಹೊರಗಿಂದ ಚೆನ್ನಾಗೇ ಇರಬಹುದು. ರಕ್ತದೊತ್ತಡ ಅಥವಾ ಕಿಡ್ನಿ ಕೆಟ್ಟು ಕಣ್ಣಿನ ಹಿಂದಿನ ಪರದೆ ಕಳಚಿಕೊಂಡರೆ ಹೀಗಾಗುತ್ತದೆ. ಬೇಗ ಹೋದರೆ ಕೆಲವು ಸಲ ಸ್ವಲ್ಪವಾದರೂ ಮರಳುತ್ತದೆ.

ದೀಪಾವಳಿಗೆ ಸುಣ್ಣ ಬಳಿಯುವಾಗ ಕಣ್ಣಿಗೆ ಸಿಡಿದರೆ, ಎಕ್ಕೆಯ ಹಾಲು ಬಿದ್ದರೆ, ಮೊದಲು ನೀರು. ಹರಿಯುವ ತಣ್ಣೀರನ್ನು 15–20 ನಿಮಿಷ ಬಿಡಿ, ಆಮೇಲೆ ಡಾಕ್ಟರು.

ವಾರದೊಳಗೆ ತೋರಿಸಬೇಕಾದವು

ಒಣಗಣ್ಣನ್ನು ನಮ್ಮ ಕಡೆ ಎಷ್ಟೋ ಜನ ವರ್ಷಗಟ್ಟಲೆ "ಇನ್ಫೆಕ್ಷನ್" ಅಂತಲೇ ಸಾಕಿರುತ್ತಾರೆ. ಕಣ್ಣೀರು ಬರುವುದು ಕಡಿಮೆಯಾಗಿ ಗಟ್ಟಿ, ಅಂಟು, ಹಸಿರು ಪಿಸುರು ಕಟ್ಟುತ್ತದೆ. ಆಂಟಿಬಯೋಟಿಕ್ ಡ್ರಾಪ್ಸ್ ಹಾಕಿದರೆ ನಾಲ್ಕು ದಿನ ಸರಿಹೋಗಿ ಮತ್ತೆ ಶುರು. ಅದರ ಪರೀಕ್ಷೆ ತುಂಬ ಸುಲಭ: ಅಳತೆಯ ಗುರುತಿರುವ ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಒಂದು ನಿಮಿಷ ಬಿಡುತ್ತಾರೆ. 15 ಮಿಲಿಮೀಟರಿನಷ್ಟು ಅಥವಾ ಜಾಸ್ತಿ ಒದ್ದೆಯಾದರೆ ಸರಿ. 10ಕ್ಕಿಂತ ಕೆಳಗಿದ್ದು ಪಿಸುರೂ ಇದ್ದರೆ ಒಣಗಣ್ಣಿನ ಅನುಮಾನ ಬಲವಾಗುತ್ತದೆ. ಔಷಧಿ ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೊಲಿಮಸ್, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಬಹುತೇಕ ನಾಯಿಗಳಿಗೆ ಜೀವನಪೂರ್ತಿ. ಹಾಕಿದ ಮರುದಿನವೇ ಫಲ ಕಾಣಲ್ಲ, ಹಲವು ವಾರ ಬೇಕು. ಅಲ್ಲಿಯವರೆಗೆ ಕೃತಕ ಕಣ್ಣೀರಿನ ಡ್ರಾಪ್ಸ್. ಮಧ್ಯದಲ್ಲಿ ಬಿಟ್ಟರೆ ಕರಿಗುಡ್ಡೆ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿ ಮುಚ್ಚಿಹೋಗುತ್ತದೆ.

ಇಲ್ಲಿ ನಮ್ಮೂರಿನದೇ ಒಂದು ಮಾತು. ಬೇಸಿಗೆಯಲ್ಲಿ 42 ಡಿಗ್ರಿ ದಾಟಿದಾಗ ಕೂಲರ್ ಮುಂದೆ ಮೊದಲು ಹೋಗಿ ಮಲಗುವುದು ನಾಯಿ. ಇಡೀ ಮಧ್ಯಾಹ್ನ ಮುಖಕ್ಕೇ ಗಾಳಿ. ಒಣಗಣ್ಣಿನ ನಾಯಿಗೆ ಇದು ಆಗಲ್ಲ, ಕೂಲರ್ ಮುಖ ಗೋಡೆ ಕಡೆ ತಿರುಗಿಸಿ. ಶಹಾಬಾದ್, ಚಿತ್ತಾಪುರ ಕಡೆ ಕಲ್ಲು ಕೊಯ್ಯುವ ಜಾಗದ ಹತ್ತಿರ ಮನೆ ಇದ್ದರೆ, ತೊಗರಿ ರಾಶಿಯ ಹೊತ್ತಿನಲ್ಲಿ ನಾಯಿ ಹೊಲದಲ್ಲೇ ಇದ್ದರೆ, ಸಂಜೆ ಕಣ್ಣು ಒರೆಸುವುದನ್ನು ರೂಢಿ ಮಾಡಿಕೊಳ್ಳಿ. ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವುದು ನೋಡಲು ಚೆಂದ, ಕಣ್ಣಿಗೆ ಒಳ್ಳೆಯದಲ್ಲ.

ರೆಪ್ಪೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಅಥವಾ ಗಂಟು ಮುದಿ ನಾಯಿಗಳಲ್ಲಿ ತುಂಬ ಸಾಮಾನ್ಯ. ಬಹಳಷ್ಟು ಅಪಾಯ ಇಲ್ಲದವು. ಆದರೆ ಅದು ಕರಿಗುಡ್ಡೆಗೆ ಉಜ್ಜುತ್ತಿದ್ದರೆ ಹುಣ್ಣಾಗುತ್ತದೆ, ಸಣ್ಣದಿರುವಾಗಲೇ ತೆಗೆಸುವುದು ಸುಲಭ.

ಇನ್ನು ಉಣ್ಣಿ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ನಮ್ಮ ಕಡೆ ಉಣ್ಣಿ ಇಲ್ಲದ ನಾಯಿ ಹುಡುಕಬೇಕು. ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರ ಕಣ್ಣಿಗೂ ಹೋಗುತ್ತದೆ. ಕಣ್ಣು ಕೆಂಪು, ಒಳಗೆ ಮಬ್ಬು, ಕೆಲವು ಸಲ ಕಣ್ಣಿನೊಳಗೇ ರಕ್ತ. ಜೊತೆಗೆ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತವೂ ಇರಬಹುದು. ಇಂಥ ಕಣ್ಣಿಗೆ ವಾರ ಕಾಯಬೇಡಿ, ಅದೇ ದಿನ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬರೀ ಕಣ್ಣಿನ ಡ್ರಾಪ್ಸ್‌ನಿಂದ ಇದು ಹೋಗಲ್ಲ, ಡಾಕ್ಸಿಸೈಕ್ಲಿನ್ ಮಾತ್ರೆಯ ಪೂರ್ತಿ ಕೋರ್ಸ್ ಬೇಕು.

ಡಾಕ್ಟರು ಸಿಗುವವರೆಗೆ

ಕುದಿಸಿ ಆರಿಸಿದ ನೀರು ಅಥವಾ ಮೆಡಿಕಲ್ ಅಂಗಡಿಯ ಸಾದಾ ಸಲೈನ್, ಹತ್ತಿ. ಇಷ್ಟೇ ಬೇಕಾದ್ದು. ಮೂಗಿನ ಕಡೆಯ ಮೂಲೆಯಿಂದ ಹೊರಗೆ ಒರೆಸಿ, ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಬೇಡ. ಒಣಗಿ ಅಂಟಿದ ಪಿಸುರನ್ನು ಕೀಳಬೇಡಿ, ಒದ್ದೆ ಹತ್ತಿಯನ್ನು ಒಂದು ನಿಮಿಷ ಮೇಲಿಟ್ಟರೆ ತಾನೇ ಮೆತ್ತಗಾಗುತ್ತದೆ.

ಉಜ್ಜುತ್ತಿದ್ದರೆ ಕೊರಳಿಗೆ ಕೋನ್ ಹಾಕಿ. ಅಂಗಡಿಯಲ್ಲಿ ಸಿಗದಿದ್ದರೆ ಹಳೆ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ ಅಂಚಿಗೆ ಬಟ್ಟೆ ಸುತ್ತಿ. ನಾವು ಹಾಗೇ ಮಾಡಿದ್ದು. ಮೋತಿ ಅರ್ಧ ದಿನ ಸಿಟ್ಟಾಗಿದ್ದ, ಆಮೇಲೆ ಅದನ್ನೇ ಹಾಕಿಕೊಂಡು ನೀರಿನ ಬಟ್ಟಲು ಉರುಳಿಸಿಕೊಂಡು ಓಡಾಡಿದ.

ಹಾಕಬಾರದ್ದು ಇಷ್ಟು: ಜೇನು, ಅರಿಶಿನದ ನೀರು, ನಂದಿಬಟ್ಟಲು ಹೂವಿನ ರಸ, ತಾಯಿ ಹಾಲು. "ನಮ್ಮಜ್ಜಿ ಹಾಕ್ತಿದ್ಲು" ಅನ್ನುವವರಿಗೆ ಕೈ ಮುಗಿದುಬಿಡಿ. ಇವೆಲ್ಲಕ್ಕಿಂತ ಅಪಾಯದ್ದು ಮನೆಯಲ್ಲಿ ಉಳಿದ ಡ್ರಾಪ್ಸ್. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಕರಿಗುಡ್ಡೆಯಲ್ಲಿ ಹುಣ್ಣಿದ್ದಾಗ ಇದನ್ನು ಹಾಕಿದರೆ ಗುಡ್ಡೆ ಕರಗಿ ತೂತಾಗಲೂಬಹುದು. ಅಜ್ಜನ ಗ್ಲೊಕೋಮಾ ಡ್ರಾಪ್ಸ್ ಕೂಡ ಬೇಡ. ಅದೇ ಔಷಧಿಯನ್ನು ನಾಯಿಗೂ ಬರೆಯುತ್ತಾರೆ ನಿಜ, ಆದರೆ ಅಂಥ ಔಷಧಿಗಳಲ್ಲೊಂದಾದ ಟಿಮೊಲಾಲ್ ಹೃದಯದ ಬಡಿತ ನಿಧಾನ ಮಾಡುತ್ತದೆ, ಮುದಿ ನಾಯಿಯ ಹೃದಯ ಹೇಗಿದೆ ಅಂತ ನೋಡದೆ ಹಾಕುವುದಲ್ಲ.

ಡಾಕ್ಟರ ಹತ್ತಿರ ಏನು ಕೇಳಬೇಕು

ಕೆಂಪು ಕಣ್ಣಿಗೆ ಮೂರು ಪರೀಕ್ಷೆ: ಆ ಕಾಗದದ ಪಟ್ಟಿ, ಹುಣ್ಣು ಹಸಿರಾಗಿ ಕಾಣುವಂತೆ ಮಾಡುವ ಫ್ಲೋರೆಸಿನ್ ಬಣ್ಣ, ಮತ್ತು ಒತ್ತಡ ಅಳೆಯುವುದು. ಬಣ್ಣ ಹಾಕಿ ನೋಡದೆ ಸ್ಟೀರಾಯ್ಡ್ ಡ್ರಾಪ್ಸ್ ಬರೆದರೆ "ಹುಣ್ಣು ಇಲ್ಲ ಅಂತ ನೋಡಿದ್ರಾ ಸರ್?" ಅಂತ ಮೆಲ್ಲಗೆ ಕೇಳಿ. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಯಾರೂ ಬೇಜಾರಾಗಲ್ಲ.

ಒತ್ತಡ ಅಳೆಯುವ ಯಂತ್ರ ಎಲ್ಲ ಕಡೆ ಇರಲ್ಲ. ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಕಲಬುರಗಿಯಿಂದ ಹುಮನಾಬಾದ್ ಮೇಲೆ ಹೋದರೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಯಾದಗಿರಿ, ಸುರಪುರ ಕಡೆಯವರು ಮೊದಲು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲೇ ತೋರಿಸಿ, ನೋವು ಇಳಿಸುವ ಔಷಧಿ ಹಾಕಿಸಿಕೊಂಡು ಆಮೇಲೆ ದೂರ ಹೊರಡಿ. ಹಳ್ಳಿಯಲ್ಲಿ ಯಾರೂ ಸಿಗದಿದ್ದರೆ ಪಶು ಸಂಜೀವಿನಿಯ (ಸರ್ಕಾರದ ಪಶು ಆಂಬುಲೆನ್ಸ್) 1962 ನಂಬರಿಗೆ ಮಾಡಿ ಕೇಳಿ.

ಹೋಗುವಾಗ ಫೋಟೊಗಳು, ಮೊದಲು ಹಾಕಿದ ಎಲ್ಲ ಡ್ರಾಪ್ಸಿನ ಬಾಟಲಿಗಳು ಜೊತೆಗಿರಲಿ. ತಪ್ಪು ಔಷಧಿ ಹಾಕಿದ್ದರೆ ಮುಚ್ಚಿಡಬೇಡಿ. ನಾನು ಮೊದಲು "ಏನೂ ಹಾಕಿಲ್ಲ" ಅಂದಿದ್ದೆ, ಎರಡನೇ ಸಲ ಕೇಳಿದಾಗ ಬಾಯಿಬಿಟ್ಟೆ.

ಡ್ರಾಪ್ಸ್ ಹಾಕುವ ಬಗೆ

ನಾಯಿಯನ್ನು ಗೋಡೆ ಮೂಲೆಗೆ ಬೆನ್ನು ಮಾಡಿ ಕೂರಿಸಿ. ನೀವು ಪಕ್ಕದಲ್ಲಿ. ಒಂದು ಕೈಯಿಂದ ಗದ್ದ ಮೇಲೆತ್ತಿ, ಬಾಟಲಿ ಹಿಡಿದ ಕೈಯನ್ನು ತಲೆಯ ಹಿಂದಿನಿಂದ ತಂದು ಹಣೆಯ ಮೇಲೆ ಊರಿ. ಕೈ ತಲೆಯ ಮೇಲೇ ಇರುವುದರಿಂದ ತಲೆ ಅಲ್ಲಾಡಿದರೆ ಕೈಯೂ ಅದರ ಜೊತೆ ಹೋಗುತ್ತದೆ, ಬಾಟಲಿಯ ತುದಿ ಕಣ್ಣಿಗೆ ಚುಚ್ಚಲ್ಲ. ಬಾಟಲಿ ಎದುರಿನಿಂದ ಬರುವುದು ಕಂಡರೆ ಎಂಥ ಸಾಧು ನಾಯಿಯೂ ಓಡುತ್ತದೆ. ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ ಇಳಿಯುತ್ತದೆ ಅಷ್ಟೇ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ, ಮುಲಾಮು ಕೊನೆಗೆ. ಹಾಕಿದ ಕೂಡಲೇ ಶೇಂಗಾ ಕಾಳಿನಷ್ಟು ಏನಾದರೂ ತಿನ್ನಲು ಕೊಡಿ. ಬಾಟಲಿ ತೆಗೆದ ತಾರೀಕನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ, ತಿಂಗಳಾದ ಮೇಲೆ ಬಿಸಾಡಿ.

ಪೊರೆ ಆಪರೇಷನ್ ಮಾಡಿಸಬೇಕಾ

ಪೊರೆ ಕರಗಿಸುವ ಡ್ರಾಪ್ಸ್ ಅಂತ ಮಾರುತ್ತಾರೆ. ದುಡ್ಡು ದಂಡ. ಪೊರೆಗೆ ಆಪರೇಷನ್ ಒಂದೇ ದಾರಿ. ಮನುಷ್ಯರಿಗೆ ಮಾಡುವ ಹಾಗೇ ಒಳಗೆ ಪುಡಿಮಾಡಿ ಹೀರಿ ತೆಗೆಯುತ್ತಾರೆ, ಆದರೆ ನಾಯಿಗೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಅದಕ್ಕೆ ಹೈದರಾಬಾದ್, ಬೆಂಗಳೂರಿನಂಥ ಊರಲ್ಲಿ ಕಣ್ಣಿನ ಕೆಲಸವನ್ನೇ ಮಾಡುವ ಪಶುವೈದ್ಯರನ್ನು ಹುಡುಕಬೇಕು. ಆಪರೇಷನ್ನಿಗೆ ಮೊದಲು ಕಣ್ಣಿನ ಹಿಂದಿನ ಪರದೆ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಪರದೆ ಸತ್ತಿದ್ದರೆ ಪೊರೆ ತೆಗೆದೂ ಉಪಯೋಗ ಇಲ್ಲ. ಆಮೇಲೆ ವಾರಗಟ್ಟಲೆ ದಿನಕ್ಕೆ ನಾಲ್ಕಾರು ಸಲ ಡ್ರಾಪ್ಸ್, ಕೋನ್, ಮತ್ತೆ ಮತ್ತೆ ಅಷ್ಟು ದೂರ ಹೋಗಿ ತೋರಿಸುವುದು. ಮುಟ್ಟಿದರೆ ಕಚ್ಚುವ ನಾಯಿಗೆ, ಮನೆಯಲ್ಲಿ ಹಗಲು ಯಾರೂ ಇರದವರಿಗೆ ಇದು ಕಷ್ಟ. ಆಮೇಲಾಮೇಲೆ ಮೋತಿಗೂ ಪೊರೆ ಬಂತು, ನಾವು ಆಪರೇಷನ್ ಮಾಡಿಸಲಿಲ್ಲ. ಮಾಡಿಸದೆ ಬಿಟ್ಟವರು ಒಂದು ನೆನಪಿಡಬೇಕು: ಪೊರೆ ಬಲಿತ ಕಣ್ಣು ಒಳಗೊಳಗೇ ಉರಿದು ಗ್ಲೊಕೋಮಾಕ್ಕೆ ಹೋಗಬಹುದು, ಹಾಗಾಗಿ ಡಾಕ್ಟರು ಹೇಳಿದಷ್ಟು ದಿನಕ್ಕೊಮ್ಮೆ ತೋರಿಸುತ್ತಿರಬೇಕು.

ಪೊರೆ ವಾರಗಳಲ್ಲಿ ದಡದಡ ಬಂದುಬಿಟ್ಟರೆ ಸಕ್ಕರೆ ಕಾಯಿಲೆ ಇರಬಹುದು. ನೀರು ಜಾಸ್ತಿ ಕುಡಿಯುತ್ತಿದೆಯಾ, ಮನೆಯೊಳಗೇ ಉಚ್ಚೆ ಮಾಡುತ್ತಿದೆಯಾ, ಚೆನ್ನಾಗಿ ತಿಂದೂ ಸೊರಗುತ್ತಿದೆಯಾ ನೋಡಿ, ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯ ಬಹುತೇಕ ನಾಯಿಗಳಿಗೆ ಪೊರೆ ಬಂದೇ ಬರುತ್ತದೆ. ಹಬ್ಬದ ಹೋಳಿಗೆ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಅಂಥ ನಾಯಿಗೆ ಪೂರ್ತಿ ಬಂದ್.

ಕಣ್ಣು ಹೋದ ಮೇಲೆ ಮನೆ

ಮಂಚ, ಕಪಾಟು, ನೀರಿನ ಬಟ್ಟಲು ಇದ್ದಲ್ಲೇ ಇರಲಿ. ಮುಟ್ಟುವ ಮೊದಲು ಹೆಸರು ಹಿಡಿದು ಮಾತಾಡಿಸಿ, ಮಲಗಿದ್ದಾಗ ಸುಮ್ನೆ ಮುಟ್ಟಿದರೆ ಬೆಚ್ಚಿ ಕಚ್ಚಬಹುದು. ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ. ನೀರಿನ ಟಾಕಿಯ ಮುಚ್ಚಳ ಯಾವತ್ತೂ ತೆರೆದಿರಬಾರದು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದರ ಕೊರಳಿಗೆ ಗೆಜ್ಜೆ ಕಟ್ಟಿ, ಎಲ್ಲಿದೆ ಅಂತ ಗೊತ್ತಾಗುತ್ತದೆ.

ನಮ್ಮ ಮನೆಯದು ಶಹಾಬಾದ್ ಕಲ್ಲಿನ ನೆಲ. ನುಣುಪು, ಮುದಿ ಕಾಲು ಜಾರುತ್ತದೆ, ಮೆಟ್ಟಿಲು ಎಲ್ಲಿ ಶುರುವಾಗುತ್ತದೆ ಅಂತ ಪಾದಕ್ಕೆ ತಿಳಿಯಲ್ಲ. ಮೋತಿಯ ಎಡಗಣ್ಣಲ್ಲೂ ಪೊರೆ ಕಟ್ಟಿದ ಮೇಲೆ ಮೇಲಿನ ಮೆಟ್ಟಿಲಿಗಿಂತ ಒಂದು ಮೊಳ ಮುಂಚೆ ಗೋಣಿಚೀಲ ಹಾಸಿದೆವು. ಎರಡು ದಿನ ಅದನ್ನು ಮೂಸಿ ನೋಡಿದ. ಈಗ ಕಾಲಿಗೆ ಗೋಣಿ ಸಿಕ್ಕ ಕೂಡಲೇ ನಿಲ್ಲುತ್ತಾನೆ, ಮೂಗು ಕೆಳಗೆ ಹಾಕಿ ಒಂದೊಂದೇ ಕಾಲು ಇಳಿಸುತ್ತಾನೆ. ಮಳೆಗಾಲದಲ್ಲಿ ಗೋಣಿ ಒದ್ದೆಯಾಗಿ ವಾಸನೆ ಹಿಡಿಯುತ್ತದೆ, ಬದಲಾಯಿಸಲು ಇನ್ನೊಂದು ಒಣಗಿಸಿ ಇಟ್ಟುಕೊಂಡಿರಿ.